ಪಾಲಾದ ಮೋಟಾರ್‌ಸೈಕಲ್

ಅಪ್ಪ ತೀರಿಕೊಂಡ ಮೇಲೆ ಆಸ್ತಿ ಪಾಲಾದಾಗ ದ್ರಾಕ್ಷಿ ತೋಟ, ಮನೆ ಎರಡೂ ಅಣ್ಣನಿಗೆ ಹೋದವು. ನನಗೆ ಒಂದು ಸೀರೆ ಬಂತು. ತಮಿಳುನಾಡಿನ ತೇನಿ ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿದ ಕನ್ನಡದವರು ನಾವು; ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳಿಗೆ ಹಾಗೇ. ತಟ್ಟೆಯಲ್ಲಿ ಅರಿಶಿನದ ಜೊತೆ ಸೀರೆ ಇಟ್ಟು ಕೊಡುತ್ತಾರೆ. ಅದನ್ನು ಕಣ್ಣಿಗೊತ್ತಿಕೊಂಡರೆ ಮುಗಿಯಿತು, ತವರಿನಲ್ಲಿ ಇನ್ನು ನಮ್ಮದೇನೂ ಇಲ್ಲ. ಕಾನೂನು ಬೇರೆ ಹೇಳುತ್ತದೆ, ನನಗೆ ಗೊತ್ತು. ಆದರೆ ಅವತ್ತು ಹಿರಿಯರ ಜೊತೆ ಚಾಪೆಯ ಮೇಲೆ ಕೂತದ್ದು ಕಾನೂನಲ್ಲ. ನಾನೂ ಕಣ್ಣಿಗೊತ್ತಿಕೊಂಡೆ. ಎದ್ದು ಬರುವಾಗ ಹೊಟ್ಟೆಯುರಿ ತಾಳಲಾರದೆ, ಕೊಟ್ಟಿಗೆಯ ಹಿಂದೆ ಬಿದ್ದಿರುವ ಹಳೇ ಕಬ್ಬಿಣವನ್ನಾದರೂ ಒಯ್ಯಲೇ ಅಂದೆ.

ಅಣ್ಣ ನಕ್ಕ. "ಒಯ್ಯಿ ಒಯ್ಯಿ, ಎಡ ಖಾಲಿ ಆಯ್ತದೆ." ಜಾಗ ಬಿಡುವಾಗುತ್ತದೆ ಅಂತ.

ಆ ಕಬ್ಬಿಣ ತಾತನ ಮೋಟಾರ್‌ಸೈಕಲ್‌ನದು. ಬೋಡಿಮೆಟ್ಟಿನ ಏಲಕ್ಕಿ ತೋಟದ ದೊರೆ ತನ್ನ ದೇಶಕ್ಕೆ ಹೊರಟಾಗ ತಾತ ಕೊಂಡ ಗಾಡಿ. ನನ್ನ ಕೈಗೆ ಬಂದದ್ದು ಚೌಕಟ್ಟು, ಎರಡು ಚಕ್ರ, ಮುಂದಿನ ಫೋರ್ಕು, ಅಷ್ಟೇ. ಅದು ಯಾವ ಕಂಪನಿಯದು ಅಂತ ಕೂಡ ಯಾರಿಗೂ ನೆನಪಿರಲಿಲ್ಲ. ಈಗ ನನಗೆ ಗೊತ್ತು, ಆದರೆ ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯೇ ಕೊಳ್ಳುವವರು ಬಂದು ಬಾಗಿಲು ತಟ್ಟುತ್ತಾರೆ.

ನಾನೂ ನನ್ನ ಗಂಡನೂ ತೇನಿಯಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ನಡೆಸುತ್ತೇವೆ. ಅಂಗಡಿಯ ಹಿತ್ತಲಿಗೆ ಆ ಚೌಕಟ್ಟು ಬಂದ ದಿನದಿಂದ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಗಿರಾಕಿ ಬ್ರೇಕ್ ಲೈನರ್ ಕೇಳಿದರೆ ಫ್ಯಾನ್ ಬೆಲ್ಟ್ ತಂದು ಕೊಡುತ್ತಿದ್ದೆ. ತವರಿನಿಂದ ಬಂದ ಒಂದೇ ಒಂದು ವಸ್ತು ಇದು. ಇದು ಓಡಬೇಕು, ಅಣ್ಣನ ಮನೆ ಮುಂದೆ ಇದರ ಮೇಲೆ ಕೂತು ಸದ್ದು ಮಾಡಿಕೊಂಡು ಹೋಗಬೇಕು. ಸಣ್ಣ ಬುದ್ಧಿ ಅನ್ನಿ, ಬೇಜಾರಿಲ್ಲ. ನನಗೆ ಬೇಕಾಗಿದ್ದದ್ದು ಅದೇ.

ಎಂಜಿನ್ ಎಲ್ಲಿದೆ ಅನ್ನುವುದು ಗುಟ್ಟಾಗಿರಲಿಲ್ಲ. ತಾತ ಕಾಲವಾದ ಮೇಲೆ ಅಪ್ಪನಿಗೂ ಚಿಕ್ಕಪ್ಪನಿಗೂ ಪಾಲಾದಾಗ ಗಾಡಿ ಒಂದೇ, ಗಂಡುಮಕ್ಕಳು ಇಬ್ಬರು. ಒಬ್ಬನಿಗೆ ಗಾಡಿ, ಇನ್ನೊಬ್ಬನಿಗೆ ಹಸು ಅಂದರೆ ಇಬ್ಬರೂ ಒಪ್ಪಲಿಲ್ಲವಂತೆ. ಹಿರಿಯರು ತೆಂಗಿನಕಾಯಿ ಒಡೆದ ಹಾಗೆ ಅದನ್ನು ಒಡೆದುಬಿಟ್ಟರು. ಚೌಕಟ್ಟು, ಚಕ್ರ ಅಪ್ಪನಿಗೆ. ಎಂಜಿನ್ನು, ಟ್ಯಾಂಕು ಚಿಕ್ಕಪ್ಪನಿಗೆ. ಯಾರಿಗೂ ಉಪಯೋಗವಿಲ್ಲ, ಆದರೆ ಯಾರಿಗೂ ಅನ್ಯಾಯವಿಲ್ಲ ಅಂತ ಎಲ್ಲರೂ ಉಂಡು ಎದ್ದರಂತೆ.

ಬತ್ತಲಗುಂಡಿನಲ್ಲಿರುವ ಚಿಕ್ಕಪ್ಪ ಎಂಜಿನ್ನನ್ನು ಖುಷಿಯಿಂದಲೇ ಕೊಟ್ಟರು. "ಇದ ಪಂಪ್‌ಸೆಟ್ ಮಾಡಾಣ ಅಂತ ಇದ್ದೆ ಮಗಾ. ಎಷ್ಟು ಒದ್ರೂ ಒಂದು ನಾಳೂ ಹತ್ತಿಲ್ಲ. ತಗಂಡೋಗು."

ಅದನ್ನೂ ಚೌಕಟ್ಟನ್ನೂ ದಿಂಡಿಗಲ್‌ನ ಮೆಕ್ಯಾನಿಕ್ ಹತ್ತಿರ ಒಯ್ದೆ. ಚೌಕಟ್ಟಿಗೆ ಅಪ್ಪ ಎತ್ತಿನ ಗಾಡಿಯ ನೀಲಿ ಬಣ್ಣವನ್ನು ಹಬ್ಬಹಬ್ಬಕ್ಕೂ ಬಳಿದಿದ್ದ. ಸೀಮೆಎಣ್ಣೆ ಹಾಕಿ ಕೆರೆದು ಕೆರೆದು, ಹ್ಯಾಂಡಲ್ ಕೂರುವ ಕತ್ತಿನ ಕೆಳಗೆ ಒಂದು ಸಂಖ್ಯೆ ಸಿಕ್ಕಿತು. ಎಂಜಿನ್ನಿನ ಮೇಲೆ ಬೇರೆಯೇ ಸಂಖ್ಯೆ ಇತ್ತು. "ಇದು ಎರಡು ವಂಡಿ ಸೇರ್ಸಿದ್ದು ಅಕ್ಕಾ, ಅಸಲಲ್ಲ," ಅಂದ ಮೆಕ್ಯಾನಿಕ್, ಎರಡು ಗಾಡಿಗಳ ಕೂಡಿಕೆ ಅಂತ. ನನಗೆ ಬಂದ ಕೋಪಕ್ಕೆ ಲೆಕ್ಕವಿಲ್ಲ. ಕೊನೆಗೆ ಸಿಕ್ಕಿದ ತುಕ್ಕೂ ಸುಳ್ಳೇ? ಎರಡು ಸಂಖ್ಯೆಗಳ ಫೋಟೋ ತೆಗೆದು ಇಂಗ್ಲೆಂಡಿನಲ್ಲಿ ಹಳೇ ಗಾಡಿಗಳ ಹುಚ್ಚಿರುವ ಒಬ್ಬರಿಗೆ ಕಳಿಸಿದೆ. ಉತ್ತರ ಬರುವವರೆಗೆ ಊಟ ರುಚಿಸಲಿಲ್ಲ, ಗಂಡನ ಮೇಲೆ ಸುಮ್ಮಸುಮ್ಮನೆ ರೇಗಿದೆ. ಉತ್ತರ ಬಂತು. ಆ ಕಂಪನಿ ಚೌಕಟ್ಟಿಗೊಂದು, ಎಂಜಿನ್ನಿಗೊಂದು ಸಂಖ್ಯೆ ಹಾಕುತ್ತಿತ್ತಂತೆ. ಇವೆರಡೂ ಒಟ್ಟಿಗೇ ಕಾರ್ಖಾನೆಯಿಂದ ಹೊರಬಿದ್ದ ಜೋಡಿ. ಅಂಗಡಿಯಲ್ಲೇ ನಿಂತು ಅತ್ತುಬಿಟ್ಟೆ, ಗಿರಾಕಿಗಳ ಮುಂದೆ.

ಪಿಸ್ಟನ್ ಕೂತಿತು, ಟ್ಯಾಂಕಿನ ತೂತು ಮುಚ್ಚಿತು, ಚಕ್ರ ನೇರವಾಯಿತು. ಆದರೆ ಕಿಡಿ ಇಲ್ಲ. ಕಿಡಿ ಹುಟ್ಟಿಸುವ ಮ್ಯಾಗ್ನೆಟೋದ ಮುಚ್ಚಳ ತೆಗೆದರೆ ಒಳಗೆ ಇರಬೇಕಾದ ಹಿತ್ತಾಳೆಯ ಪಾಯಿಂಟ್ ತಟ್ಟೆ ಇರಲಿಲ್ಲ. ಹುಣಸೆಬೀಜ ನಾಲ್ಕು ಸೇರಿದರೆ ಎಷ್ಟೋ ಅಷ್ಟೇ ಗಾತ್ರ, ಒಂದೇ ಸ್ಕ್ರೂ ಹಿಡಿದಿರುತ್ತದೆ. ಹೊರಗಿನಿಂದ ತರಿಸಿದ್ದು ಒಂದೂ ಕೂರಲಿಲ್ಲ. ಈ ಮಾದರಿಗೆ ಬೇರೆ ಅಳತೆಯಂತೆ, ಈಗ ಅದನ್ನು ಯಾರೂ ಮಾಡುವುದಿಲ್ಲವಂತೆ.

ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ನಿನ್ನ ಅತ್ತೆನ ಕೇಳು. ನಮ್ಮಪ್ಪನ ವಂಡಿಗೆ ಕೈ ಹಾಕ್ತಾ ಇದ್ದದ್ದು ಅವಳೊಬ್ಳೇ," ಅಂದರು.

ಅತ್ತೆ ಅಂದರೆ ಅಪ್ಪನ ತಂಗಿ. ಆಂಡಿಪಟ್ಟಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಹಿರಿಯರ ಹತ್ತಿರ ಬರಿಗೈಯಲ್ಲಿ ಹೋಗಬಾರದಲ್ಲ. ಬೀರುವಿನಲ್ಲಿ ಅಣ್ಣ ಕೊಟ್ಟ ಸೀರೆ ಮಡಿಕೆ ಬಿಚ್ಚದೆ ಬಿದ್ದಿತ್ತು. ಉಡಲು ಮನಸ್ಸಿರಲಿಲ್ಲ, ಎಸೆಯಲು ಧೈರ್ಯವಿರಲಿಲ್ಲ. ಅದನ್ನೇ ವೀಳ್ಯದೆಲೆ, ಬಾಳೆಹಣ್ಣಿನ ಜೊತೆ ತಟ್ಟೆಯಲ್ಲಿಟ್ಟು ಅತ್ತೆಯ ಮುಂದೆ ಹಿಡಿದೆ. ಬಂದ ವಿಷಯ ಹೇಳಿದೆ.

ಅತ್ತೆ ತಟ್ಟೆ ಮುಟ್ಟಲಿಲ್ಲ.

"ಸೇಲೆ ಕೊಟ್ಟು ಕೇಳ್ತೀಯಾ?" ಅಂದಳು. "ಅವತ್ತು ನಿಮ್ಮಪ್ಪ, ಚಿಕ್ಕಪ್ಪ ಇಬ್ರೂ ಹಿಂಗೇ ತಟ್ಟೆ ಹಿಡ್ದಿದ್ರು. ಇವತ್ತು ನೀನಾ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೆಂಕಿಯ ಪಕ್ಕದಲ್ಲೇ ಕೂತಿದ್ದರೂ ಅಷ್ಟು ಮುಖ ಸುಡುತ್ತಿರಲಿಲ್ಲ. ನಿಜ ಹೇಳಿದೆ: "ಇದು ಅಣ್ಣ ನಂಗೆ ಕೊಟ್ಟದ್ದು ಅತ್ತೆ."

ಅವಳು ಸೀರೆಯನ್ನು ನೋಡಿದಳು, ನನ್ನನ್ನು ನೋಡಿದಳು. "ನೀನೂ ಕಣ್ಗೆ ಒತ್ಕಂಡ್ಯಾ?"

"ಒತ್ಕಂಡೆ."

"ಪೈತ್ಯಕಾರಿ," ಅಂದಳು. ಹುಚ್ಚಿ ಅಂತ. ಆದರೆ ಧ್ವನಿ ಮೆತ್ತಗಾಗಿತ್ತು. "ಕೂತ್ಕ."

ತಾತನ ಗಾಡಿಯ ಪಾಯಿಂಟನ್ನು ಬೆಂಕಿಪೊಟ್ಟಣದ ಪಕ್ಕಕ್ಕೆ ಉಜ್ಜಿ ಚೊಕ್ಕ ಮಾಡುವುದು ಅವಳ ಕೆಲಸವಾಗಿತ್ತಂತೆ. ಪಾಲಾದ ದಿನ ಸೀರೆಯನ್ನು ಕಣ್ಣಿಗೊತ್ತಿಕೊಂಡು ನೇರ ಕೊಟ್ಟಿಗೆಗೆ ಹೋದಳು. ಗಂಡಸರೆಲ್ಲ ಯಾವ ತುಂಡು ಯಾರಿಗೆ ಅಂತ ಜಗಳಾಡುತ್ತಿರುವಾಗ ಒಂದು ಸ್ಕ್ರೂ ಬಿಚ್ಚಿ, ಆ ಹಿತ್ತಾಳೆ ಚೂರನ್ನು ಅದೇ ಸೀರೆಯ ಸೆರಗಿಗೆ ಗಂಟು ಹಾಕಿಕೊಂಡು ಗಂಡನ ಮನೆಗೆ ಬಸ್ ಹತ್ತಿದಳು.

"ಏನ ಬೇಕಾದ್ರೂ ಒಡ್ಕಳ್ಲಿ. ನಾನಿಲ್ದೆ ಅದು ಹತ್ತಬಾರ್ದು," ಅಂದಳು. "ಆ ಚೂರು ಈ ಮನೆ ಬಿಟ್ಟು ಬರಾಕಿಲ್ಲ. ಬೇಕಂದ್ರೆ ವಂಡಿನ ಇಲ್ಲಿಗೆ ತಾ."

ಟೆಂಪೋದಲ್ಲಿ ಹಾಕಿಕೊಂಡು ತಂದೆ. ಅವಳೇ ಕೂತು ಬೆಂಕಿಪೊಟ್ಟಣಕ್ಕೆ ಉಜ್ಜಿ, ಆ ಚೂರನ್ನು ಕೂರಿಸಿದಳು. ನಾನು ಒದ್ದೆ. ಒದ್ದು ಒದ್ದು ಕಾಲು ಸೋತ ಮೇಲೆ ಗಾಡಿ ಒಮ್ಮೆ ಕೆಮ್ಮಿ, ಆಮೇಲೆ ನಿಲ್ಲದೆ ಬಡಿದುಕೊಳ್ಳತೊಡಗಿತು. ಅತ್ತೆ ಕೋಳಿಗಳನ್ನು ಬೈದು ಓಡಿಸುತ್ತಾ ನಗುತ್ತಿದ್ದಳು. ಎಣ್ಣೆ ಒರೆಸಲು ಬಟ್ಟೆ ಕೇಳಿದರೆ, ತಟ್ಟೆಯಲ್ಲೇ ಬಿದ್ದಿದ್ದ ಸೀರೆಯನ್ನು ಹಲ್ಲಿನಿಂದ ಕಚ್ಚಿ ಪರ್ರೆಂದು ಹರಿದು ಕೊಟ್ಟಳು.

ಸುದ್ದಿಗೆ ಕಾಲು ಬೇಕೇ? ಭಾನುವಾರ ನಾನು ಅತ್ತೆಯ ಮನೆಯಲ್ಲಿದ್ದಾಗ ಅಣ್ಣ ಅಲ್ಲಿಗೇ ಮಿನಿ ಲಾರಿ ತಂದ. ಹೊಳೆಯುವ ಟ್ಯಾಂಕನ್ನು ಸವರಿದ. "ತಾತನ ವಂಡಿ, ವಂಶದ್ದು. ನಮ್ಮ ಹಾಲ್‌ನಲ್ಲಿ ನಿಲ್ಸಾಣ. ನೀನು ಕೇಳ್ದಾಗ ಬರೀ ಕಬ್ಬಿಣ ಅಂದ್ಕಂಡು ಕೊಟ್ಟೆ. ಚಿಕ್ಕಪ್ಪನ ಪಂಗಿಗೆ ನಾನು ಮಾತಾಡ್ತೀನಿ." ಪಂಗು ಅಂದರೆ ಪಾಲು. ನನಗೆ ಮತ್ತೆ ಅದೇ ಚಾಪೆಯ ಮೇಲೆ ಕೂತ ಹಾಗಾಯಿತು.

ಅತ್ತೆ ಎದ್ದು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಮುಚ್ಚಳ ತೆಗೆದಳು, ಸ್ಕ್ರೂ ಬಿಚ್ಚಿದಳು, ಚೂರನ್ನು ಸೆರಗಿಗೆ ಗಂಟು ಹಾಕಿದಳು.

"ತಗಂಡೋಗಪ್ಪಾ," ಅಂದಳು. "ನಿನ್ ಪಂಗು ಎಷ್ಟೋ ಅಷ್ಟೂ ತಗ. ಓಡ್ಸ್ಕಂಡೇ ಹೋಗು."

ಅಣ್ಣ ನಕ್ಕು ಪೆಡಲು ಒದ್ದ. ಮತ್ತೆ ಒದ್ದ. ಅಂಗಿ ಬೆನ್ನಿಗೆ ಅಂಟಿಕೊಳ್ಳುವವರೆಗೂ ಒದ್ದ. ಲಾರಿಯ ಡ್ರೈವರ್ ಮುಖ ತಿರುಗಿಸಿ ನಗುತ್ತಿದ್ದ. ಅಣ್ಣನ ಹಣೆಯ ಬೆವರು ಕಣ್ಣಿಗಿಳಿದು ಉರಿಯತೊಡಗಿತು. ಅವನು ಕುರುಡನಂತೆ ಬಟ್ಟೆಗೆ ಕೈ ಚಾಚಿದ. ಅತ್ತೆ ಸೀಟಿನ ಮೇಲಿದ್ದ ಸೀರೆಯ ತುಂಡನ್ನು ಅದೇ ತಟ್ಟೆಯಲ್ಲಿಟ್ಟು ಅವನ ಮುಂದೆ ಹಿಡಿದಳು.

ಅವನು ಅದನ್ನು ತೆಗೆದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡ.