ಹನ್ನಾ ಸಿಸ್ಟರ್ ಹೇಳಿದ ಸಾಕ್ಷಿ

ನೌಬಾದದ ಹನ್ನಾ ಸಿಸ್ಟರ್ ಅಂದರೆ ಸುಮ್ಮನೆ ಅಲ್ಲ. ಜೀವಮಾನವೆಲ್ಲ ನರ್ಸಾಗಿ ದುಡಿದವಳು. ಚರ್ಚಿನ ಸಭೆಯಲ್ಲಿ ಯಾರಿಗೆ ಕೆಮ್ಮು ಬಂದರೂ ಡಾಕ್ಟರಿಗಿಂತ ಮೊದಲು ಅವಳಿಗೇ ಫೋನು. ಕೊರೊನಾದ ಮೊದಲ ಅಲೆಯಲ್ಲಿ ಮಲಗಿ ಗುಣವಾಗಿ ಎದ್ದ ಮೇಲಂತೂ ಕೇಳಬೇಡಿ! ಚರ್ಚು ಮತ್ತೆ ತೆರೆದ ಭಾನುವಾರವೇ ಸಾಕ್ಷಿ ಹೇಳಲು ಎದ್ದು ನಿಂತಳು. ದೇವರು ಮಾಡಿದ ಉಪಕಾರವನ್ನು ಎಲ್ಲರೆದುರು ಹೇಳುವುದು ಅಲ್ಲಿನ ರೂಢಿ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಿದಳೇ?

“ಒಮ್ಮಿ ಬಂದು ಹೋದವ್ರಿಗಿ ಮತ್ತ ಬರಂಗಿಲ್ರಿ. ಮೈಯಾಗ ಆಂಟಿಬಾಡಿ ಕಾವಲು ಕುಂತಿರ್ತಾವ. ದಡಾರ ಎರಡು ಸಲ ಬಂದದ್ದು ಯಾರರ ನೋಡೀರೇನ್ರಿ?”

ಸಭೆ “ಆಮೆನ್” ಎಂದಿತು. ಸಾಕ್ಷಿಗೆ ಯಾರಾದರೂ ಅಡ್ಡಪ್ರಶ್ನೆ ಹಾಕುತ್ತಾರೆಯೆ?

ಅಂದು ಅಲ್ಲಿದ್ದ ಜೆಮಿಮಾ ಅವಳ ಗೆಳತಿ, ಎಕಂಬಾದ ಶಾಲೆಯ ಟೀಚರು. ಅವಳಿಗೂ ಒಮ್ಮೆ ಕೊರೊನಾ ಬಂದು ಹೋಗಿತ್ತು. ಲಸಿಕೆ ಬಂದಾಗ, ಹಾಕಿಸಿಕೊಳ್ಳಲೇ ಎಂದು ಹನ್ನಾಳಿಗೆ ಫೋನು ಮಾಡಿ ಕೇಳಿದಳು. “ನಿನಗ್ಯಾಕ ಬೇಕವ್ವ ಸೂಜಿ?” ಎಂದು ಹನ್ನಾ ನಕ್ಕುಬಿಟ್ಟಳು.

ಎರಡನೇ ಅಲೆಯಲ್ಲಿ ಜೆಮಿಮಾ ಉಸಿರಿಗಾಗಿ ಒದ್ದಾಡುತ್ತ ಬೀದರಿನ ಆಸ್ಪತ್ರೆ ಸೇರಿದಳು. ಹನ್ನಾ ಹಳೆಯ ಗುರುತಿನವರನ್ನು ಕಾಡಿ ಬೇಡಿ, ಪಿಪಿಇ ಕಿಟ್ ತೊಟ್ಟು ವಾರ್ಡಿನೊಳಗೆ ಹೋದಳು. ಆಗಲೇ ಡಾಕ್ಟರು ಬಂದರು.

“ಸೂಜಿ ಯಾಕ ತೊಗೊಂಡಿಲ್ರಿ ಟೀಚರ್?”

“ಒಮ್ಮಿ ಬಂದು ಹೋಗಿತ್ತಲ್ರಿ...”

“ಆ ಶಕ್ತಿ ಜನ್ಮಪೂರ್ತಿ ಇರಂಗಿಲ್ರಿ. ತಿಂಗಳು ಕಳದಂಗ ಕಡಿಮಿ ಆಗ್ತದ, ಒಬ್ಬೊಬ್ಬರಿಗಿ ಒಂದೊಂದು ಥರ. ಅಷ್ಟರಾಗ ವೈರಸ್ಸೂ ವೇಷ ಬದಲಿಸ್ತದ. ಬ್ಯಾಡಂತ ನಿಮಗ ಯಾರು ಹೇಳಿದ್ರು?”

ಅಯ್ಯೋ, ಭೂಮಿ ಬಾಯಿಬಿಡಬಾರದೆ ಅನ್ನಿಸಿತು ಹನ್ನಾಳಿಗೆ.

“ಯಾರೂ ಇಲ್ರಿ. ನಾನೇ ಶ್ಯಾಣೇತನ ಮಾಡಿದೆ,” ಅಂದಳು ಜೆಮಿಮಾ, ಏದುಸಿರಿನ ನಡುವೆ.

“ಸುಳ್ಳರಿ ಡಾಕ್ಟರ್! ನಾ ಹೇಳಿದ್ದೆ. ದೇವರ ಮುಂದ ನಿಂತು ಹೇಳಿದ್ದೆ.” ಹನ್ನಾ ಮುಂದೆ ಬಂದಳು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಪಕ್ಕದ ಹಾಸಿಗೆಗೆ ಹೋದರು.

ಜೆಮಿಮಾ ಅವಳ ಕೈ ಹಿಡಿದೆಳೆದಳು. “ಯಾಕ ಒಪ್ಪಿಕೊಂಡಿ ಅಕ್ಕಾ? ನಿನ್ನ ಮ್ಯಾಲ ಮಂದಿ ನಂಬಿಗಿ ಹೋದ್ರ, ಈಗ ಸೂಜಿ ಹಾಕಿಸ್ಕೊಳ್ರಿ ಅಂತ ಅವ್ರಿಗಿ ಹೇಳವ್ರು ಯಾರು?”

ಜೆಮಿಮಾ ಬದುಕಿದಳು. ಇಂದಿಗೂ ಚರ್ಚಿನ ಮೆಟ್ಟಿಲು ಹತ್ತುವಾಗ ನಡುವೆ ಕೂತುಬಿಡುತ್ತಾಳೆ, ಉಸಿರು ಸಾಲದೆ. ಹನ್ನಾಳೂ ಪಕ್ಕದಲ್ಲೇ ಕೂರುತ್ತಾಳೆ. “ನಡೀರಿ ಸಿಸ್ಟರ್, ಪ್ರಾರ್ಥನಿ ಸುರು ಆಯ್ತು,” ಎಂದು ಯಾರಾದರೂ ಕರೆದರೆ ಹನ್ನಾ ತಲೆ ಎತ್ತುವುದಿಲ್ಲ.