ಅಣ್ಣನ ಕಣ್ಣಲ್ಲಿ ಒಡೆದ ನಾಳ

ಐವತ್ತರ ದಶಕದ ನಡುವಿನ ಮಾತು. ನಾವು ಧಾರವಾಡದವರು, ಮುಂಬಯಿಯ ವಡಾಲದ ಚಾಳೊಂದರಲ್ಲಿ ಇದ್ದೆವು: ಅಣ್ಣ, ಅವನ ಹೆಂಡತಿ ಅಂದರೆ ನನ್ನ ವೈನಿ, ನಾನು. ಅಣ್ಣ ಫೋರ್ಟಿನ ಒಂದು ಕಂಪನಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಿದ್ದ. ವೈನಿ ಬಸುರಿ. ನಾನು ಕಾಲೇಜಿಗೆ ಹೋಗುತ್ತಿದ್ದೆ.

ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಕೂತ ಅಣ್ಣ ಗಾಳಿಯಲ್ಲಿ ಕೈ ಬೀಸತೊಡಗಿದ.

"ಇಲ್ಲೆ ಜೇಡರ ಬಲಿ ತೂಗಾಡ್ಲಿಕ್ಹತ್ತದ. ನಿನಗ ಕಾಣಸ್ತದೇನು?"

ನನಗೇನೂ ಕಾಣಲಿಲ್ಲ. ಅಂದೇ ಮಧ್ಯಾಹ್ನ ಆಫೀಸಿನವರು ಅವನನ್ನು ಕೈಹಿಡಿದು ಕರೆತಂದರು. ಎಡಗಣ್ಣಿಗೆ ಕೆಂಪು ಪರದೆ ಇಳಿದಿತ್ತು.

ಗ್ರಾಂಟ್ ರೋಡಿನ ಕಣ್ಣಿನ ಡಾಕ್ಟರು ಹನಿ ಹಾಕಿ, ಕತ್ತಲ ಕೋಣೆಯಲ್ಲಿ ಸಣ್ಣ ದೀಪದ ಉಪಕರಣ ಹಿಡಿದು ಬಹಳ ಹೊತ್ತು ನೋಡಿದರು. ಎಡಗಣ್ಣೊಳಗೆ ಬರೀ ನೆತ್ತರು. ಬಲಗಣ್ಣಿನ ಹಿಂಭಾಗದಲ್ಲಿ ಕಂಡದ್ದನ್ನು ಕೆಂಪು, ನೀಲಿ ಪೆನ್ಸಿಲಿನಿಂದ ಬರೆದರು.

"ವಿಲಾಯತಿಯಲ್ಲಿ ಇದಕ್ಕೆ ಕ್ಯಾಮೆರಾ ಇದೆ. ನನಗೆ ಈ ಕೈಯೇ ಗತಿ," ಎಂದರು.

ದುಂಡನೆಯ ಆ ಚಿತ್ರದ ಅಂಚಿಗೆ ಎಳೆಬೇರುಗಳ ಹಾಗೆ ರಕ್ತನಾಳಗಳ ಗೋಜಲಿತ್ತು. ಅದರ ಮೇಲೆ ಪೆನ್ಸಿಲಿಟ್ಟು ಹೇಳಿದರು: "ಇಲ್ಲಿ ಮೊದಲಿನ ನಾಳಗಳು ಬಾತು ಮುಚ್ಚಿಹೋಗಿವೆ. ರಕ್ತ ಸಾಲದೆ ಹೊಸವು ಹುಟ್ಟಿವೆ. ಅವು ಬಲು ನಾಜೂಕು, ಒಡೆಯುತ್ತವೆ. ಎಡಗಣ್ಣಲ್ಲಿ ಒಡೆದಿವೆ."

"ಯಾಕ ಹಿಂಗಾತ್ರಿ?" ಅಣ್ಣ ಕೇಳಿದ.

"ಹರೆಯದ ಗಂಡಸರಲ್ಲೇ ಹೆಚ್ಚು. ಕ್ಷಯದ ನಂಟಿರಬಹುದೆಂದು ಅನುಮಾನ. ಖಚಿತವಾಗಿ ಯಾರಿಗೂ ಗೊತ್ತಿಲ್ಲ."

"ಹುಟ್ಟೋ ಕೂಸಿಗೂ ಬರ್ತದೇನ್ರಿ?"

"ಹಾಗೆ ಬರುವ ರೋಗವಲ್ಲ ಇದು," ಎಂದರು. ಅಣ್ಣ ತಲೆಯಾಡಿಸಿದ, ನಂಬಿದನೋ ಇಲ್ಲವೋ.

ಎದೆಯ ಎಕ್ಸ್‌ರೇಯಲ್ಲಿ ಏನೂ ಸಿಗಲಿಲ್ಲ. ಆದರೂ ಕ್ಷಯದ ಇಂಜೆಕ್ಷನ್ ಕೊಟ್ಟರು. ಭಾರ ಎತ್ತಬಾರದು, ಬಗ್ಗಬಾರದು ಎಂದರು. ದಿಂಬಿಗೆ ಒರಗಿ ಕೂತೇ ಕೂತ ಅಣ್ಣನ ಎಡಗಣ್ಣು ಮೆಲ್ಲಗೆ ತಿಳಿಯಾಯಿತು. ಮತ್ತೆ ಕೆಲಸಕ್ಕೆ ಹೋದ. ವೈನಿ ಹೆರಿಗೆಗೆ ಧಾರವಾಡಕ್ಕೆ ಹೋದಳು. ಎಲ್ಲ ಸರಿಹೋಯಿತೆಂದು ನಾವು ತಿಳಿದೆವು.

ಹೆಣ್ಣು ಹುಟ್ಟಿದ ಸುದ್ದಿ ಬಂದಾಗ ಅಣ್ಣ ಚಾಳಿಗೆಲ್ಲ ಪೇಢೆ ಹಂಚಿದ. ಊರಿಗೆ ಹೊರಡಲು ಟ್ರಂಕು ತುಂಬಿ ಎತ್ತಿದವನು ಥಟ್ಟನೆ ನಿಂತ. "ಬಲಗಣ್ಣೂ ಹೋತು," ಎಂದ, ಅಷ್ಟೇ. ಟ್ರಂಕು ಎತ್ತಿದ್ದಕ್ಕೇ ಹೀಗಾಯಿತೆಂದು ವೈನಿ ಕೊನೆತನಕ ಅನ್ನುತ್ತಿದ್ದಳು. ಡಾಕ್ಟರು ಹಾಗೆ ಹೇಳಲಿಲ್ಲ. ಆಮೇಲೆ ಎಡಗಣ್ಣಲ್ಲೂ ಮತ್ತೆ ಮತ್ತೆ ಒಡೆಯಿತು. ಕೂಸನ್ನು ಕರೆದುಕೊಂಡು ವೈನಿ ಬಂದಾಗ ಅವನಿಗೆ ಕಾಣುತ್ತಿದ್ದದ್ದು ಕಿಟಕಿಯ ಬೆಳಕೊಂದೇ.

ನಾನು ಕಾಲೇಜು ಬಿಟ್ಟು ಟೆಲಿಫೋನ್ ಎಕ್ಸ್‌ಚೇಂಜ್ ಸೇರಿದೆ. ವೈನಿ ಹೊಲಿಗೆ ಹಿಡಿದಳು. ಕೂಸು ಅಣ್ಣನ ತೊಡೆಯ ಮೇಲೇ ಬೆಳೆಯಿತು.

ಒಂದು ಸಂಜೆ ನಾನು ಕೆಲಸದಿಂದ ಬಂದಾಗ ಅಣ್ಣ ಕೇಳಿದ, "ಇಕಿ ಯಾರಂಗ ಇದ್ದಾಳ?"

"ನಿನ್ನಂಗ."

"ಕಣ್ಣು?"

"ಅವೂ ನಿನ್ನವ. ದೊಡ್ಡವು."

ಅವನನ್ನು ಸಂತೋಷಪಡಿಸಲೆಂದೇ ಹಾಗೆಂದಿದ್ದೆ. ಅಣ್ಣನ ಮುಖ ಬಿಳಿಚಿತು. "ಬ್ಯಾಡ," ಎಂದ, ನನಗಲ್ಲ, ಯಾರಿಗೋ ಬೇಡುವವನಂತೆ. ಕೂಸಿನ ಮುಖ ತಡವಿ, ಎರಡೂ ರೆಪ್ಪೆಗಳ ಮೇಲೆ ಬೆರಳಿಟ್ಟುಕೊಂಡು ಕೂತ. ಅದು ಆಟವೆಂದು ಕೂಸು ಕೇಕೆ ಹಾಕಿ ನಗುತ್ತಿತ್ತು.