ಗೆಜ್ಜೆಗೆ ಅಡ್ಡಬಿದ್ದ ನಾಯಿ

ನಾಯಿಗೆ ಮನುಷ್ಯರ ಗುಣ ತಿಳಿಯುತ್ತದೆ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮ ಮನೆಯ ನಾಯಿಗೆ ಏನೂ ತಿಳಿಯುತ್ತಿರಲಿಲ್ಲ. ಕುರಿ ಕದಿಯಲು ಬಂದವನ ಕೈಯನ್ನೂ ನೆಕ್ಕಿ ಕಳಿಸಿದ ಪ್ರಾಣಿ ಅದು. ಡೈರಿಗೆ ಹಾಲು ಹಾಕಲು ಹೋದರೆ ಸಾಲಿನಲ್ಲಿ ನಿಂತವರಿಗೆಲ್ಲ ಬಾಲ ಆಡಿಸುತ್ತಿತ್ತು. ಹಸುವಿಗೆ ಸೂಜಿ ಚುಚ್ಚಲು ಬರುವ ಡಾಕ್ಟರ ಬೈಕಿನ ಹಿಂದೆ ಊರಾಚೆಯವರೆಗೂ ಓಡಿ, ನೆಂಟರನ್ನು ಕಳಿಸಿಕೊಟ್ಟಂತೆ ಕಳಿಸಿಕೊಟ್ಟು ಬರುತ್ತಿತ್ತು. ನಮ್ಮಲ್ಲಿ ಯಾರೂ ಅದಕ್ಕೆ ಹೆಸರಿಡುವ ಗೋಜಿಗೆ ಹೋಗಲಿಲ್ಲ. "ಬಾರಲಾ" ಅಂದರೆ ಬರುತ್ತಿತ್ತು. ಪಕ್ಕದ ಮನೆಯವರು ತಮ್ಮ ಮಗನನ್ನು ಕರೆದರೂ ಇದೇ ಹೋಗುತ್ತಿತ್ತು.

ಅಂಥ ನಾಯಿ ಒಬ್ಬನೇ ಒಬ್ಬನನ್ನು ಕಂಡರೆ ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು ಉಚ್ಚೆ ಹೊಯ್ದುಕೊಳ್ಳುವಂತಾಯಿತು. ಆ ಮಹಾನುಭಾವ ನನ್ನ ಭಾವ, ನನ್ನ ಗಂಡನ ಒಡಹುಟ್ಟಿದ ಅಣ್ಣ.

ಬಂಗಾರಪೇಟೆಯಿಂದ ಕೆಜಿಎಫ್ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಊರು. ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು, ನಾಲ್ಕು ಸೀಮೆಹಸು, ಈ ನಾಯಿ, ಮತ್ತು ಭಾವ. ಭಾವ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ವಾಚ್‌ಮನ್ ಕೆಲಸ ಮಾಡುತ್ತಿದ್ದ. ಹಿಡಿದ ಕೆಲಸಕ್ಕಿಂತ ಬಿಟ್ಟ ಕೆಲಸವೇ ಜಾಸ್ತಿ. ಹೆಂಡತಿ ತವರಿಗೆ ಹೋದವಳು ತಿರುಗಿ ಬರಲಿಲ್ಲ, ಬುದ್ಧಿವಂತೆ. ಕೊನೆಗೆ ಅವನು ಯಾವ ಕೆಲಸಕ್ಕೂ ಹೋಗದೆ ಜಗಲಿ ಹಿಡಿದು ಕುಳಿತ. ಹಸುವಿಗೆ ಒಂದು ಹೊರೆ ಹುಲ್ಲು ಕೊಯ್ದು ತಾ ಅಂದರೆ ಸೊಂಟ ನೋವು. ಊಟಕ್ಕೆ ಕೂತರೆ ಮುದ್ದೆಯ ಮೇಲೆ ಮುದ್ದೆ ಇಳಿಯುವಾಗ ಆ ಸೊಂಟ ಎಲ್ಲಿ ಹೋಗುತ್ತಿತ್ತೋ ಕಾಣೆ.

ಹಾಗೆ ಕೂತಿದ್ದವನ ಮೈಮೇಲೆ ಒಂದು ಮಂಗಳವಾರ ಅಮ್ಮ ಬಂದಳು. ಬರಬೇಕಾದ್ದೇ. ಕೆಲಸವಿಲ್ಲದವನ ಮೈ ಖಾಲಿ ಇರುತ್ತದೆ, ಯಾರಾದರೂ ಬಂದು ಕೂರಬೇಕಲ್ಲ! ಕಾಲಿಗೆ ಗೆಜ್ಜೆ, ಸೊಂಟಕ್ಕೆ ಹಳದಿ ಬಟ್ಟೆ, ಕೈಯಲ್ಲಿ ಬೇವಿನ ಸೊಪ್ಪು. ಅಂಗಳದಲ್ಲಿ ಗಿರಗಿರ ತಿರುಗಿ ತೆಲುಗಿನಲ್ಲಿ ಅಬ್ಬರಿಸಿದ. ಊರವರು ಊದುಬತ್ತಿ ಹಿಡಿದು ನಿಂತರು. ಅಷ್ಟರಲ್ಲಿ ನಮ್ಮ ನಾಯಿ, ಮನೆಯವನು ಏನೋ ಹೊಸ ಆಟ ಹೂಡಿದ್ದಾನೆ ಅಂದುಕೊಂಡು ಓಡಿಬಂದು, ಮುಂಗಾಲು ಎರಡನ್ನೂ ಅವನ ಎದೆಯ ಮೇಲಿಟ್ಟು ಮುಖವನ್ನೆಲ್ಲ ನೆಕ್ಕಿಬಿಟ್ಟಿತು. ಕುಂಕುಮವೆಲ್ಲ ಒಂದು ಕಡೆಗೆ ಹರಡಿಕೊಂಡಿತು. ಅಮ್ಮ ತೆಲುಗು ಮರೆತು, "ಥೂ, ಓಗಲಾ ಆಚೆ, ದರಿದ್ರದ್ದೇ!" ಅಂದಳು. ಜನ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನಂತೂ ಸೆರಗನ್ನೂ ಇಟ್ಟುಕೊಳ್ಳಲಿಲ್ಲ.

ಮುಂದಿನ ಮಂಗಳವಾರದ ಹೊತ್ತಿಗೆ ನಾಯಿ ಬದಲಾಗಿತ್ತು. ಗೆಜ್ಜೆ ಕಟ್ಟಿಕೊಂಡು ಭಾವ ಅಂಗಳಕ್ಕೆ ಇಳಿದದ್ದೇ ತಡ, ಅದು ಬಾಲವನ್ನು ಹೊಟ್ಟೆಗೆ ಸೇರಿಸಿಕೊಂಡು, ತೆವಳುತ್ತಾ ಬಂದು, ಅವನ ಮುಂದೆ ಗದ್ದವನ್ನು ಮಣ್ಣಿಗೆ ಇಟ್ಟು ನಡುಗುತ್ತಾ ಮಲಗಿತು. ಹೋದ ವಾರ ನಕ್ಕಿದ್ದ ಜನವೇ ಈಗ ಕೈ ಮುಗಿದರು.

"ನೋಡ್ರೋ, ನಾಯಿ ಅಡ್ಡಬೀಳ್ತಾ ಐತೆ! ಮೂಗುಪ್ರಾಣಿಗೆ ಅಮ್ಮ ಕಾಣಿಸ್ತಾವ್ಳೆ ಕಣ್ರೋ!"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಒಬ್ಬ ಅದನ್ನು ಫೋನಿನಲ್ಲಿ ತೆಗೆದು ಊರಿಗೆಲ್ಲ ಹಂಚಿದ. ಅದು ಕೆಜಿಎಫ್ ತಲುಪಿತು. ಅಲ್ಲಿನ ಗಣಿ ಕಾಲೋನಿಗಳಿಂದ, ಚಾಂಪಿಯನ್ ರೀಫ್ಸ್‌ನಿಂದ, ಕೋರಮಂಡಲ್‌ನಿಂದ ಜನ ಆಟೋ ಮಾಡಿಕೊಂಡು ಬರತೊಡಗಿದರು. ಗಣಿಯ ಧೂಳು ಕುಡಿದು ಎದೆ ಕೆಟ್ಟ ಮುದುಕರು ತಮಿಳಿನಲ್ಲಿ ಕಷ್ಟ ಹೇಳಿಕೊಂಡು ಅಳುತ್ತಿದ್ದರು. ಅಮ್ಮನಿಗೆ ತಮಿಳು ಬಾರದು. ಯಾರಾದರೂ ಬಿಡಿಸಿ ಹೇಳುವವರೆಗೂ ಕಣ್ಣು ಮೇಲೆ ಮಾಡಿಕೊಂಡು ಓಲಾಡುತ್ತಿದ್ದಳು. ಲೋಕವನ್ನೇ ಹೆತ್ತ ತಾಯಿಗೆ ಪಕ್ಕದ ಊರಿನ ಮಾತು ತಿಳಿಯದೇ ಅಂತ ಯಾರೂ ಕೇಳಲಿಲ್ಲ. ಅವರೆಲ್ಲರ ಕಣ್ಣು ನಾಯಿಯ ಮೇಲೆಯೇ ಇತ್ತು.

ಇಷ್ಟೇ ಆಗಿದ್ದರೆ ನಾನು ಹಾಳಾಗಿ ಹೋಗಲಿ ಅಂತ ಸುಮ್ಮನಿರುತ್ತಿದ್ದೆ. ಆದರೆ ಅತ್ತೆಯ ಕಾಲು ಸುಮ್ಮನಿರಲಿಲ್ಲ.

ಅತ್ತೆಗೆ ಸಕ್ಕರೆ ಕಾಯಿಲೆ. ಎಡಗಾಲಿನ ಬೆರಳಿಗೆ ಚಪ್ಪಲಿ ಕಚ್ಚಿ ಆದ ಗಾಯ ಮಾಗದೆ ಕೀವಾಯಿತು, ಆಮೇಲೆ ಬೆರಳು ಕಪ್ಪಾಗತೊಡಗಿತು. ಬಂಗಾರಪೇಟೆಯ ಡಾಕ್ಟರು ನೋಡಿದವರೇ, "ಕೋಲಾರಕ್ಕೆ ಕರ್ಕೊಂಡು ಹೋಗಿ. ಈಗ ಬೆರಳಲ್ಲಿ ಮುಗಿಯುತ್ತೆ, ತಡ ಮಾಡಿದರೆ ಕಾಲು ಹೋಗುತ್ತೆ, ಆಮೇಲೆ ಜೀವಾನೇ" ಅಂದರು. ಮನೆಗೆ ಬಂದು ನಾನು ಕೋಲಾರಕ್ಕೆ ಹೊರಡಲು ಬಟ್ಟೆ ಕಟ್ಟಿಕೊಳ್ಳುತ್ತಿದ್ದೆ. ಅಂದು ಮಂಗಳವಾರ. ಭಾವನ ಮೈಮೇಲೆ ಅಮ್ಮ ಬಂದು, ಹೆತ್ತ ತಾಯಿಯ ಕಾಲಿಗೆ ಅರಿಶಿನ ಮೆತ್ತಿ ಅಪ್ಪಣೆ ಕೊಟ್ಟಳು: ಶ್ರಾವಣ ಹುಟ್ಟುವವರೆಗೂ ಊರಿನ ಗಡಿಕಲ್ಲು ದಾಟಬಾರದು, ದಾಟಿದರೆ ನಾನು ನಿನ್ನ ಹಿಂದೆ ಬರುವುದಿಲ್ಲ. ಗಡಿಕಲ್ಲು ದಾಟದೆ ಕೋಲಾರ ಎಲ್ಲಿಂದ ಬರಬೇಕು? ಶ್ರಾವಣಕ್ಕೆ ಇನ್ನೂ ಒಂದು ತಿಂಗಳಿತ್ತು. ಅವನ ಲೆಕ್ಕ ನನಗೆ ಗೊತ್ತು. ಹೆತ್ತವಳೇ ಆಸ್ಪತ್ರೆಗೆ ಹೋದರೆ ಚಾಂಪಿಯನ್ ರೀಫ್ಸ್‌ನವರು ಏನಂದುಕೊಂಡಾರು! ಮಾಡುವುದು ಅನಾಚಾರ, ಮನೆ ಮುಂದೆ ಬೃಂದಾವನ.

"ಅತ್ತೆ, ಕಾಲು ಓಗ್ತದೆ" ಅಂದೆ.

"ನಾಯಿ ಸುಳ್ಳು ಯೋಳ್ತದೇನೇ?" ಅಂದರು ಅತ್ತೆ. "ಅದಕ್ಕೇನು ಆಸೆ ಐತಾ, ಹೊಟ್ಟೆಕಿಚ್ಚು ಐತಾ? ಅದೇ ಅಡ್ಡಬೀಳ್ತದೆ. ನಿಂಗೆ ನಂಬಿಕೆ ಇಲ್ಲಾಂದ್ರೆ ಬಿಡು."

ನನ್ನ ಗಂಡನ ಮಾತು ಇನ್ನೂ ಚೆಂದ. "ದೇವರ ಇಚಾರ. ಬಾಯಿ ಮುಚ್ಕೊಂಡು ಹಾಲು ಕರಿ."

ಅದೇ ವಾರ ಒಂದು ಬೆಳಿಗ್ಗೆ, ಭಾವ ಬಂಗಾರಪೇಟೆಗೆ ಹೋಗಿದ್ದಾಗ, ನಾನು ಕೊಟ್ಟಿಗೆ ಗುಡಿಸುತ್ತಿದ್ದೆ. ಪೊರಕೆ ತಗುಲಿ ಗೂಟಕ್ಕೆ ನೇತುಹಾಕಿದ್ದ ಅವನ ಗೆಜ್ಜೆ ಜಲ್ಲೆಂದು ಕೆಳಗೆ ಬಿತ್ತು. ನನ್ನ ಕಾಲ ಹತ್ತಿರವೇ ಮಲಗಿದ್ದ ನಾಯಿ ಕುಯ್ಯೆಂದು ಗೋದಲಿಯ ಕೆಳಗೆ ನುಗ್ಗಿ ಅಲ್ಲೇ ಒದ್ದೆ ಮಾಡಿಕೊಂಡಿತು. ಭಾವ ಊರಲ್ಲೇ ಇಲ್ಲ, ಅಮ್ಮನೂ ಇಲ್ಲ, ಇದ್ದದ್ದು ಗೆಜ್ಜೆ ಒಂದೇ. ನಾನು ಬಗ್ಗಿ ಅದರ ಬೆನ್ನು ಸವರಿದೆ. ಕೂದಲ ಕೆಳಗೆ ಸಾಲುಸಾಲಾಗಿ ಬಾಸುಂಡೆ ಕೈಗೆ ಸಿಕ್ಕವು.

ಅವತ್ತಿನಿಂದ ಕಣ್ಣಿಟ್ಟೆ. ಮುಂದಿನ ಮಂಗಳವಾರ ಮಧ್ಯಾಹ್ನ ಹೊಲಕ್ಕೆ ಹೋಗುವವಳಂತೆ ಹೊರಟು, ಸುತ್ತಿ ಬಂದು ಕೊಟ್ಟಿಗೆಯ ತಡಿಕೆಯ ಸಂದಿಯಲ್ಲಿ ನೋಡಿದೆ. ನಾಯಿಯನ್ನು ಗೂಟಕ್ಕೆ ಕಟ್ಟಿದ್ದ. ಬಾಯಿಗೂ ಹಗ್ಗ ಸುತ್ತಿದ್ದ. ಒಂದು ಕೈಯಲ್ಲಿ ಗೆಜ್ಜೆ, ಇನ್ನೊಂದು ಕೈಯಲ್ಲಿ ಹಸಿ ಹುಣಸೆ ಬರಲು. ಜಲ್ ಅನ್ನಿಸುವುದು, ಬಾರಿಸುವುದು. ಜಲ್ ಅನ್ನಿಸುವುದು, ಬಾರಿಸುವುದು. ಬೆವರು ಸುರಿಯುತ್ತಿತ್ತು. ಜೀವಮಾನದಲ್ಲಿ ಅವನು ಮೈಬಗ್ಗಿಸಿ ದುಡಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾನು ತಡಿಕೆ ತಳ್ಳಿಕೊಂಡು ಒಳನುಗ್ಗಿ ನಾಯಿಯ ಹಗ್ಗ ಬಿಚ್ಚಿದೆ. "ಥೂ, ನಿನ್ನ ಜನ್ಮಕ್ಕಿಷ್ಟು!" ಅಂದೆ. ಅವನು ಬರಲನ್ನು ಹಿಂದೆ ಮುಚ್ಚಿಟ್ಟುಕೊಂಡು, "ಎಣ್ಣಾದವಳು ದೇವರ ಕೆಲಸದಾಗೆ ಅಡ್ಡ ಬರಬೇಡ" ಅಂದ. ಸಂಜೆ ಅತ್ತೆಗೆ ಹೇಳಿದೆ, ಗಂಡನಿಗೆ ಹೇಳಿದೆ. ನಾಯಿಯ ಬೆನ್ನನ್ನೂ ತೋರಿಸಿದೆ. ಅತ್ತೆ ಬಾಸುಂಡೆಗಳ ಮೇಲೆ ಕೈಯಾಡಿಸಿ, "ಅಮ್ಮನ ಬೆತ್ತದ ಗುರುತು ಕಣೇ" ಎಂದು ಕಣ್ಣಿಗೊತ್ತಿಕೊಂಡರು. ಇವರ ಮುಂದೆ ಸತ್ಯ ಹೇಳುವುದಕ್ಕಿಂತ ಎಮ್ಮೆಯ ಮುಂದೆ ಕಿನ್ನರಿ ಬಾರಿಸುವುದು ಮೇಲು.

ಪಾದವೆಲ್ಲ ಊದಿತು. ಎರಡನೆಯ ಬೆರಳೂ ಕಪ್ಪಾಯಿತು. ಜಗಲಿಯ ಹತ್ತಿರ ಹೋದರೆ ವಾಸನೆ. ಅತ್ತೆಗೆ ಚಳಿಜ್ವರ ಬೇರೆ. ನಾಯಿ ಮಾತ್ರ ಅವರ ಚಾಪೆ ಬಿಟ್ಟು ಏಳುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಚಾಂಪಿಯನ್ ರೀಫ್ಸ್‌ನ ಭಕ್ತರು ಆಟೋ ತಂದು ಅಮ್ಮನನ್ನು ತಮ್ಮ ಮನೆಗೆ ಕರೆದೊಯ್ದರು. ಅವರೇ ಕೊಡಿಸಿದ ಹೊಸ ಗೆಜ್ಜೆ ಕಟ್ಟಿಕೊಂಡು ಭಾವ ಹಿಂದಿನ ಸೀಟಿನಲ್ಲಿ ಮೆರೆಯುತ್ತಾ ಹೋದ. ಹೆತ್ತವಳು ಜ್ವರದಲ್ಲಿ ನರಳುತ್ತಿದ್ದರೂ ತಿರುಗಿ ನೋಡಲಿಲ್ಲ. ಅತ್ತೆಗೆ ಡಾಕ್ಟರ ಮಾತು ಬೇಡ, ಸೊಸೆಯ ಮಾತು ಬೇಡ. ಅಮ್ಮ ಹಾಕಿದ ಗಡಿಯನ್ನು ಅಮ್ಮನೇ ತೆಗೆಯಬೇಕು. ಸರಿ, ಅದೇ ಆಗಲಿ ಅಂದುಕೊಂಡೆ.

ಕೊಟ್ಟಿಗೆಗೆ ಹೋಗಿ ಹಳೆಯ ಗೆಜ್ಜೆ ಕಾಲಿಗೆ ಕಟ್ಟಿದೆ. ಜಡೆ ಬಿಚ್ಚಿದೆ, ಮುಖಕ್ಕೆ ಅರಿಶಿನ ಬಳಿದೆ, ಬೇವಿನ ರೆಂಬೆ ಮುರಿದುಕೊಂಡೆ. ಅಂಗಳಕ್ಕೆ ಬಂದು ಜಗಲಿಯ ಮುಂದೆ ಒಂದು ಸಲ ಕಾಲು ಅಪ್ಪಳಿಸಿದೆ.

ಅತ್ತೆಯ ಮಗ್ಗುಲಲ್ಲಿದ್ದ ನಾಯಿ ನನ್ನನ್ನು ನೋಡಿತು. ಬೆಳಿಗ್ಗೆ ತಾನೇ ನನ್ನ ಕೈಯಿಂದ ತಂಗಳ ಮುದ್ದೆ ತಿಂದ ನಾಯಿ. ಜಗಲಿಯಿಂದ ಜಾರಿ ಇಳಿದು, ಹೊಟ್ಟೆ ಎಳೆದುಕೊಂಡು ಬಂದು, ನನ್ನ ಕಾಲ ಮುಂದೆ ಗದ್ದವನ್ನು ಮಣ್ಣಿಗಿಟ್ಟಿತು. ಅದರ ಕೆಳಗೆ ನೆಲ ಒದ್ದೆಯಾಯಿತು.

ಅತ್ತೆ ಜ್ವರದಲ್ಲೂ ಎದ್ದು ಕೂತು ಕೈ ಮುಗಿದರು. "ತಾಯೇ! ಇವಳ ಮ್ಯಾಲೂ ಬಂದ್ಯಾ ನನ್ನವ್ವಾ!"

"ಗಡಿ ತೆಗ್ದಿವ್ನಿ" ಎಂದು ಕೂಗಿದೆ. ನನಗೆ ತೆಲುಗು ಆಡುವಷ್ಟು ವ್ಯವಧಾನವಿರಲಿಲ್ಲ. "ಈವಾಗಲೇ ಓಗು. ಕೋಲಾರದ ಆಸ್ಪತ್ರೆ ಬಾಗಿಲಾಗೆ ನಿಂಗಿಂತ ಮುಂಚೆ ನಾನು ನಿಂತಿರ್ತೀನಿ."

"ಬೆರಳು ಕೊಯ್ತಾರಂತಲ್ಲ ತಾಯಿ?"

"ಬೆರಳು ನಂಗೆ ಕೊಡು. ಕಾಲು ನೀನಿಟ್ಕೊ."

ಹಾಲಿನ ಕ್ಯಾನು ಹಿಡಿದು ಆಗ ತಾನೇ ಡೈರಿಯಿಂದ ಬಂದ ನನ್ನ ಗಂಡ ಬಾಗಿಲಲ್ಲೇ ಕ್ಯಾನು ಇಟ್ಟು ಕೈ ಮುಗಿದು ನಿಂತಿದ್ದ. ನನ್ನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ ಗಂಡಸು ಅವನು. "ಏನ್ಲಾ ನೋಡ್ತಾ ನಿಂತಿದ್ದೀಯ, ಆಟೋ ತಾ!" ಅಂದೆ. ಮದುವೆಯಾದ ಮೇಲೆ ಅವನು ನನ್ನ ಮಾತಿಗೆ ಓಡಿದ್ದು ಅವತ್ತೇ ಮೊದಲು.

ಕೋಲಾರದಲ್ಲಿ ಎರಡು ಬೆರಳು ತೆಗೆದರು. ಕಾಲು ಉಳಿಯಿತು, ಅತ್ತೆ ಉಳಿದರು. ಹೊಲಿಗೆ ಬಿಚ್ಚಿಸಿಕೊಂಡು ಬಂದ ಮೇಲೆ ಕೋಲು ಹಿಡಿದು ಅಂಗಳದಲ್ಲಿ ಓಡಾಡುತ್ತಾರೆ, ನನ್ನನ್ನು ಮೊದಲಿನ ಹಾಗೆಯೇ ಬೈಯುತ್ತಾರೆ.

ಭಾವ ಸುದ್ದಿ ಕೇಳಿ ಬಂದವನು ಕೊಟ್ಟಿಗೆಯ ಖಾಲಿ ಗೂಟ ನೋಡಿದ, ನನ್ನ ಮುಖ ನೋಡಿದ. ಬಾಯಿ ಬಿಡುವ ಹಾಗಿರಲಿಲ್ಲ. ನನ್ನದು ಸುಳ್ಳು ಅಂದರೆ ನಾಯಿ ಯಾಕೆ ಅಡ್ಡಬಿತ್ತು ಅಂತ ಹೇಳಬೇಕಾಗುತ್ತದೆ. "ಅಮ್ಮ ಒಬ್ಬರ ಸೊತ್ತಲ್ಲ" ಎಂದು ದೊಡ್ಡ ಮಾತಾಡಿ ಒಳಗೆ ಹೋಗಿ ಮಲಗಿದ, ಹೇಡಿ. ಈಗಲೂ ಮಂಗಳವಾರ ಕುಣಿಯುತ್ತಾನೆ. ಜನ ಈಗಲೂ ಬರುತ್ತಾರೆ. ಬಂದವರಲ್ಲಿ ಕೆಲವು ಹೆಂಗಸರು ನನ್ನ ಹತ್ತಿರವೂ ಬಂದು, "ಅಕ್ಕಾ, ನಿಮ್ಮ ಮ್ಯಾಲೆ ಯಾವ ವಾರ ಬತ್ತಾಳೆ?" ಅಂತ ಕೇಳುತ್ತಾರೆ. "ಬಂದ್ಲು, ಕೆಲಸ ಮುಗೀತು, ಓದ್ಲು" ಅಂತ ಹೇಳಿ ಕಳಿಸುತ್ತೇನೆ. ಆ ಗೆಜ್ಜೆಯನ್ನು ಆಸ್ಪತ್ರೆಯಿಂದ ಬಂದ ದಿನವೇ ಸಗಣಿ ಗುಂಡಿಗೆ ಹಾಕಿದೆ.

ನಾಯಿ ಈಗಲೂ ಊರಿಗೆಲ್ಲ ಬಾಲ ಆಡಿಸುತ್ತದೆ. ದನದ ಡಾಕ್ಟರನ್ನು ಊರಾಚೆಯವರೆಗೆ ಕಳಿಸಿ ಬರುತ್ತದೆ. ಮಧ್ಯಾಹ್ನ ಅತ್ತೆಯ ಆ ಮೊಂಡು ಪಾದದ ಮೇಲೆ ಮೂತಿ ಇಟ್ಟು ನಿದ್ದೆ ಮಾಡುತ್ತದೆ. ನಾನು ಬರಿಗಾಲಲ್ಲಿ ಹೋಗುತ್ತೇನೆ, ಬಳೆಯ ಸದ್ದೂ ಆಗದ ಹಾಗೆ ಕೈ ಒತ್ತಿ ಹಿಡಿದುಕೊಳ್ಳುತ್ತೇನೆ, ಆದರೂ ನನ್ನ ನೆರಳು ಬಿದ್ದರೆ ಸಾಕು, ಅದು ನೆಲಕ್ಕೆ ಅಂಟಿಕೊಳ್ಳುತ್ತದೆ. ಆ ಕೊಟ್ಟಿಗೆಯಲ್ಲಿ ಹಗ್ಗ ಬಿಚ್ಚಿದವಳು ನಾನು ಅಂತ ಅದಕ್ಕೆ ಹೇಗೆ ಹೇಳುವುದು? ಮುದ್ದೆಯ ತಟ್ಟೆಯನ್ನು ಇಟ್ಟು, ಹಸುಗಳ ನೀರಿನ ತೊಟ್ಟಿಯ ಆಚೆಗೆ ಹೋಗಿ ನಿಲ್ಲುತ್ತೇನೆ. ಆಮೇಲೆ ತಿನ್ನುತ್ತದೆ.

ಮೊನ್ನೆ ಹಾಗೆ ತೊಟ್ಟಿಯ ಮರೆಯಲ್ಲಿ ನಿಂತಿದ್ದೆ. ಜಗಲಿಯ ಮೇಲಿಂದ ಅತ್ತೆ ನೋಡುತ್ತಿದ್ದರು.

"ಯಾಕೇ ಕಣ್ಣಾಗೆ ನೀರು?" ಅಂದರು. "ಪುಣ್ಯ ಮಾಡಿದ್ದೀಯ. ನೋಡು, ನಿನ್ನಾಗೆ ಅಮ್ಮ ಇನ್ನೂ ಅವ್ಳೆ. ನಾಯಿಗೆ ಗೊತ್ತಾಗ್ತದೆ."